249 ಕೆಜಿಯ ಇತಿಹಾಸ

ಶನಿವಾರ ಬೆಳಗ್ಗೆ ಎಂಟೂವರೆ. ಕೋಲಾರ ದಾಟಿ ಮುಳಬಾಗಿಲು ಕಡೆ ಹೋಗುವಾಗ ಹೈವೇ ಬಿಟ್ಟು ಇಳಿದ ಒಂದು ಮಣ್ಣು ರಸ್ತೆ. ಅಲ್ಲಿ ನಾನು ಬಿದ್ದೆ. ಸ್ಪೀಡಲ್ಲಿ ಬಿದ್ದಿದ್ದರೆ ಹೇಳಿಕೊಳ್ಳೋಕಾದರೂ ಒಂದು ಕಥೆ ಇರ್ತಿತ್ತು. ನಾನು ಬಿದ್ದದ್ದು ನಿಂತಲ್ಲೇ. ಗಾಡಿ ನಿಲ್ಲಿಸಿ, ಎಡಗಾಲು ಕೆಳಗಿಟ್ಟೆ. ಕಾಲಿಟ್ಟ ಜಾಗದಲ್ಲಿ ಮಳೆನೀರು ಕೊರೆದ ಕೊರಕಲು ಇತ್ತು. ನೆಲ ಇರಬೇಕಾದ ಕಡೆ ನೆಲ ಇರಲಿಲ್ಲ. ಗಾಡಿ ನಿಧಾನವಾಗಿ, ತುಂಬಾ ಮರ್ಯಾದೆಯಿಂದ, ಎಡಕ್ಕೆ ವಾಲಿತು. ಒಂದು ಹಂತ ದಾಟಿದ ಮೇಲೆ ಅದನ್ನು ತಡೆಯೋದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ. ನಾನು ಪಕ್ಕಕ್ಕೆ ಹಾರಿದೆ, ಅದು ಮಲಗಿತು.

ಗಾಡಿ ನನ್ನದಲ್ಲ. ಗೆಳೆಯನದು. ಬಿಎಂಡಬ್ಲ್ಯೂ ಆರ್ 1250 ಜಿಎಸ್. ಪೆಟ್ರೋಲ್ ತುಂಬಿದರೆ 249 ಕೆಜಿ. ಅವನಿಗೆ ಮಗು ಆಗಿದೆ, ಎರಡು ವರ್ಷದಿಂದ ಗಾಡಿ ಬೇಸ್‌ಮೆಂಟಲ್ಲಿ ಕವರ್ ಹೊದ್ದು ಕೂತಿದೆ. "ಈ ವೀಕೆಂಡ್ ತಗೊಂಡು ಹೋಗು, ಇಷ್ಟ ಆದ್ರೆ ನೀನೇ ಇಟ್ಕೋ. ಬೇರೆಯವರಿಗೆ ಹೇಳೋ ರೇಟು ನಿನಗೆ ಹೇಳಲ್ಲ" ಅಂದಿದ್ದ. ನನಗೆ ಹೇಳಿದ ರೇಟು ಕೂಡ ಒಂದು ಸೈಟಿಗೆ ಕೊಡೋ ಅಡ್ವಾನ್ಸಿನಷ್ಟೇ ಇತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಎಕ್ಸೆಲ್‌ನಲ್ಲಿ ಇಎಂಐ ಲೆಕ್ಕ ಮಾತ್ರ ಮೂರು ಸಲ ಹಾಕಿ ನೋಡಿದ್ದೆ.

ಜೊತೆಗೆ ಬಂದಿದ್ದ ಕಲೀಗ್ ತನ್ನ ಹಳೇ ಹಿಮಾಲಯನ್‌ನಲ್ಲಿ ಮುಂದೆ ಹೋಗಿಬಿಟ್ಟಿದ್ದ. ನೆಟ್‌ವರ್ಕ್ ಇಲ್ಲ. ಯೂಟ್ಯೂಬಿನಲ್ಲಿ ನೋಡಿದ ಹಾಗೆ ಗಾಡಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಕೈ ಹಿಂದಿನ ಗ್ರ್ಯಾಬ್‌ರೈಲಿಗೆ ಹಾಕಿ, ಕಾಲಿನ ಬಲದಲ್ಲಿ ಹಿಂದಕ್ಕೆ ತಳ್ಳಿದೆ. ವಿಡಿಯೋದಲ್ಲಿ ಒಬ್ಬಳು ಐವತ್ತು ಕೆಜಿಯ ಹುಡುಗಿ ಎತ್ತಿ ನಿಲ್ಲಿಸಿದ್ದಳು. ಆದರೆ ಅವಳು ನಿಂತಿದ್ದ ನೆಲ ಸಮತಟ್ಟಾಗಿತ್ತು. ನನ್ನದು ಇಳಿಜಾರು. ಬೂಟು ಜಾರಿತು, ಗಾಡಿ ಅಲ್ಲಾಡಲಿಲ್ಲ.

ಆಗ ಒಬ್ಬರು ಬಂದರು. ಟಿವಿಎಸ್ ಎಕ್ಸ್‌ಎಲ್ ಮೇಲೆ, ಎರಡು ಕಡೆ ಹಾಲಿನ ಕ್ಯಾನು ನೇತು ಹಾಕಿಕೊಂಡು, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಹತ್ತು ನಿಮಿಷದಿಂದ ಲೈನ್ ಹುಡುಕುತ್ತಾ ಬಂದಿದ್ದ ಅದೇ ರಸ್ತೆಯಲ್ಲಿ, ಎಡಗೈಯಲ್ಲಿ ಬೀಡಿ ಹಿಡಿದುಕೊಂಡು ಬಂದರು. ಡೈರಿಗೆ ಹಾಲು ಹಾಕಿ ವಾಪಸ್ ಬರ್ತಿದ್ದಂತೆ.

"ಬಿದ್ ಬಿಟ್ರಾ ಸಾರ್?"

"ಹೂಂ ಅಣ್ಣ. ಸ್ವಲ್ಪ ಕೈ ಹಾಕ್ತೀರಾ?"

ಅವರು ಗಾಡಿಯ ಸುತ್ತ ಒಂದು ರೌಂಡು ಹಾಕಿದರು. ಸಂತೆಯಲ್ಲಿ ಹಸು ನೋಡೋ ಹಾಗೆ. ಆಮೇಲೆ, "ಎತ್ತಾಗಿದ್ರೆ ಅದೇ ಎದ್ದೇಳ್ತಿತ್ತು" ಅಂದರು. ಇಬ್ಬರೂ ಸೇರಿ ಎತ್ತಿದೆವು. ಎತ್ತುವಾಗ ಅವರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಎರಡು ದಿನ ಕೂತಿತ್ತು: "ಇಷ್ಟು ಭಾರದ್ದನ್ನ ಯಾಕ್ ಸಾರ್ ಮಣ್ಣಿಗೆ ತಂದ್ರಿ?"

ನಿಜಕ್ಕೂ, ಈ ಐಡಿಯಾ ಮೊದಲು ಯಾರಿಗೆ ಬಂತು? ಕಾಲು ಟನ್ ತೂಕದ, ದೊಡ್ಡ ಎಂಜಿನ್ನಿನ, ಸೂಟ್‌ಕೇಸ್ ಕಟ್ಟಿದ ಗಾಡಿಯನ್ನ ಮರಳಿಗೆ, ಕೆಸರಿಗೆ ಇಳಿಸಬೇಕು ಅನ್ನೋ ಐಡಿಯಾ? ಇದರ ಉತ್ತರ ಹುಡುಕುತ್ತಾ ಹೋದರೆ ಸಿಗೋದು ಇಬ್ಬರು. ಒಬ್ಬ ಮರಳಲ್ಲಿ ದಾರಿ ತಪ್ಪಿದವನು. ಇನ್ನೊಂದು, ದುಡ್ಡಿಲ್ಲದೆ ಒದ್ದಾಡುತ್ತಿದ್ದ ಒಂದು ಕಂಪನಿ.

ದಾರಿ ತಪ್ಪಿದವನ ಹೆಸರು ತಿಯೆರ್ರಿ ಸಬೀನ್, ಫ್ರೆಂಚ್ ಮನುಷ್ಯ. 1977ರ ಶುರುವಿನಲ್ಲಿ ಅಬಿಜಾನ್‌ನಿಂದ ನೀಸ್‌ಗೆ ಹೋಗೋ ಒಂದು ರ‍್ಯಾಲಿಯಲ್ಲಿ ಯಮಹಾ ಎಕ್ಸ್‌ಟಿ 500 ಓಡಿಸುತ್ತಾ ಸಹಾರಾದಲ್ಲಿ ಕಳೆದುಹೋದ. ನೀರಿಲ್ಲ, ನೆರಳಿಲ್ಲ. ದಿನಗಳ ನಂತರ, ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಒಂದು ವಿಮಾನದವರು ಅವನನ್ನು ಕಂಡು ಬದುಕಿಸಿದರು. ನೀವು ನಾವಾಗಿದ್ದರೆ ಮನೆಗೆ ಬಂದು ಬೈಕ್ ಮಾರಿ, ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರ್ತಿದ್ವಿ. ಸಬೀನ್ ಪ್ಯಾರಿಸ್ಸಿಗೆ ಬಂದು, ಇನ್ನೂ ಒಂದಷ್ಟು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗೋದು ಹೇಗೆ ಅಂತ ಪ್ಲ್ಯಾನ್ ಮಾಡಿದ.

1978ರ ಡಿಸೆಂಬರ್ 26ರಂದು ಪ್ಯಾರಿಸ್‌ನ ಟ್ರೊಕಾಡೆರೊ ಚೌಕದಿಂದ 182 ಗಾಡಿಗಳು ಹೊರಟವು. ಗುರಿ ಸೆನೆಗಲ್‌ನ ಡಕಾರ್, ಸುಮಾರು 10,000 ಕಿಲೋಮೀಟರ್. ಕಾರು, ಬೈಕು ಎಲ್ಲವಕ್ಕೂ ಸೇರಿ ಒಂದೇ ರ‍್ಯಾಂಕಿಂಗ್. ಮುಟ್ಟಿದ್ದು 74. ಗೆದ್ದದ್ದು ಸಿರಿಲ್ ನೆವೊ ಅನ್ನೋ ಹುಡುಗ, ಅದೇ ಯಮಹಾ ಎಕ್ಸ್‌ಟಿ 500 ಮೇಲೆ. ಈ ಗಾಡಿಯ ತೂಕ 140 ಕೆಜಿ ಆಸುಪಾಸು, ಒಂದೇ ಸಿಲಿಂಡರು. ಅಂದರೆ ನಮ್ಮ ಹಾಲಿನ ಅಣ್ಣ ಹೇಳಿದ್ದು ಆಗಲೇ ಸಾಬೀತಾಗಿತ್ತು: ಮಣ್ಣಿಗೆ ಹಗುರದ ಗಾಡಿಯೇ ಸರಿ. ಮರುವರ್ಷವೂ ಅವನೇ ಗೆದ್ದ, ಅದೇ ಗಾಡಿಯಲ್ಲಿ. ಕಥೆ ಇಲ್ಲಿಗೇ ಮುಗೀಬೇಕಿತ್ತು.

ಮುಗಿಯದೇ ಇರೋದಕ್ಕೆ ಕಾರಣ ಮ್ಯೂನಿಕ್. ಎಪ್ಪತ್ತರ ದಶಕದ ಕೊನೆಗೆ ಬಿಎಂಡಬ್ಲ್ಯೂ ಕಂಪನಿಯ ಬೈಕ್ ವಿಭಾಗದ ಸ್ಥಿತಿ ಚೆನ್ನಾಗಿರಲಿಲ್ಲ. ಜಪಾನಿನ ನಾಲ್ಕು ಕಂಪನಿಗಳು ವರ್ಷಕ್ಕೊಂದು ಹೊಸ ನಾಲ್ಕು ಸಿಲಿಂಡರಿನ ಗಾಡಿ ಬಿಡುತ್ತಿದ್ದವು, ರೇಟೂ ಕಡಿಮೆ. ಇವರ ಹತ್ತಿರ ಇದ್ದದ್ದು ಅದೇ ಹಳೇ ಬಾಕ್ಸರ್ ಎಂಜಿನ್. ಎರಡು ಸಿಲಿಂಡರು, ಒಂದು ಎಡಕ್ಕೆ, ಒಂದು ಬಲಕ್ಕೆ, ಜೇಬಿಂದ ಹೊರಗೆ ಇಣುಕೋ ಟಿಫಿನ್ ಡಬ್ಬಿ ತರ ಚಾಚಿಕೊಂಡಿರೋದು. ಮೂಲ ವಿನ್ಯಾಸ 1923ರದ್ದು. ಹೊಸ ಎಂಜಿನ್ ಬರೋಕೆ ಇನ್ನೂ ವರ್ಷಗಳು ಬೇಕು. ಬೈಕ್ ವಿಭಾಗ ಮುಚ್ಚಿಬಿಡೋಣ್ವಾ ಅನ್ನೋ ಮಾತು ಒಳಗೆ ನಡೀತಾ ಇತ್ತು. ನಿಮ್ಮಲ್ಲಿ ಸ್ಟಾರ್ಟಪ್‌ನಲ್ಲಿ ಕೆಲಸ ಮಾಡಿದವರಿಗೆ ಈ ವಾಸನೆ ಗೊತ್ತಿರುತ್ತೆ: ಮುಂದಿನ ಪ್ರಾಡಕ್ಟ್ ಬರೋವರೆಗೆ ಬದುಕಿರಬೇಕು, ಆದರೆ ಕೈಯಲ್ಲಿರೋದು ಹಳೇ ಕೋಡು ಮಾತ್ರ.

ಅಲ್ಲಿನ ಟೆಸ್ಟಿಂಗ್ ವಿಭಾಗದಲ್ಲಿ ಲಾಸ್ಲೊ ಪೆರೆಸ್ ಅಂತ ಒಬ್ಬ ಇದ್ದ. ಆಫ್‌ರೋಡ್ ಹುಚ್ಚಿನವನು. ಜರ್ಮನಿಯ ಆಫ್‌ರೋಡ್ ಚಾಂಪಿಯನ್‌ಶಿಪ್ಪಿನಲ್ಲಿ 750 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಅಂತ ಒಂದು ಕ್ಲಾಸು ಶುರುವಾದಾಗ ಬಾಕ್ಸರ್ ಎಂಜಿನ್ನನ್ನೇ ತೆಗೆದುಕೊಂಡು, ಸಿಕ್ಕಸಿಕ್ಕಲ್ಲಿ ತೂಕ ಕಿತ್ತು, ಸುಮಾರು 142 ಕೆಜಿಯ ಒಂದು ಗಾಡಿ ಕಟ್ಟಿದ. 1978ರಲ್ಲಿ ಅದರ ಮೇಲೆ ಆ ಕ್ಲಾಸಿನಲ್ಲಿ ಎರಡನೇ ಸ್ಥಾನ ಬಂದ. ಇನ್ನೊಬ್ಬ ಎಂಜಿನಿಯರ್ ರೂಡಿಗರ್ ಗುಟ್ಷೆ ತನ್ನ ಸ್ವಂತ ಬಾಕ್ಸರ್ ಗಾಡಿಯನ್ನು ಮನೆಯಲ್ಲೇ ಕಾಡುದಾರಿಗೆ ಹೊಂದಿಸಿಕೊಂಡು ಓಡಿಸ್ತಿದ್ದ. ಕಂಪನಿಯ ಹೊಸ ಮ್ಯಾನೇಜ್‌ಮೆಂಟು, ಹೊಸದಾಗಿ ಏನು ಮಾಡೋದು ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಇವರ ಗಾಡಿಗಳು ಕಣ್ಣಿಗೆ ಬಿದ್ದವು.

ಒಬ್ಬ ಮಹಾನ್ ಡಿಸೈನರ್ ಕಾಗದದ ಮೇಲೆ ಕನಸು ಬಿಡಿಸಿದ ಕಥೆ ಇದಲ್ಲ. ಎಂಜಿನ್ ಒಂದು ಮಾಡೆಲ್ಲಿನಿಂದ, ಫ್ರೇಮಿನ ಬಹುಭಾಗ ಇನ್ನೊಂದರಿಂದ. ಹೊಸದು ಅಂತ ಹೇಳಬಹುದಾದ್ದು ಹಿಂದಿನ ಚಕ್ರ ಹಿಡಿಯೋ ಒಂದೇ ಕೈಯ ಸ್ವಿಂಗ್‌ಆರ್ಮ್. ಅದಕ್ಕೆ ಮೊನೊಲಿವರ್ ಅಂತ ಹೆಸರಿಟ್ಟರು. ಒಂದೇ ಕಡೆಯಿಂದ ಹಿಡಿದುಕೊಂಡಿದ್ದರಿಂದ ಕಾರಿನ ಚಕ್ರದ ತರ ಬೋಲ್ಟ್ ಬಿಚ್ಚಿ ತೆಗೀಬಹುದು. ಮಿಕ್ಕಿದ್ದೆಲ್ಲ ನಮ್ಮ ಅಮ್ಮಂದಿರು ನೆನ್ನೆ ಉಳಿದ ಅನ್ನದಲ್ಲಿ ಚಿತ್ರಾನ್ನ ಮಾಡಿದ ಹಾಗೆ. ಶುರುವಿನಿಂದ ಕೊನೆಯವರೆಗೆ 21 ತಿಂಗಳಲ್ಲಿ ಕೆಲಸ ಮುಗಿಯಿತು. 1980ರ ಸೆಪ್ಟೆಂಬರಿನಲ್ಲಿ ಹೊರಬಂತು ಆರ್ 80 ಜಿ/ಎಸ್. 797 ಸಿಸಿ, 50 ಅಶ್ವಶಕ್ತಿ, ಟ್ಯಾಂಕ್ ತುಂಬಿದ ತೂಕ 186 ಕೆಜಿ.

ಹೆಸರಿನ ನಡುವೆ ಇರೋ ಓರೆಗೆರೆ ಮೇಲೆ ಸ್ವಲ್ಪ ಗಮನ ಇಡಿ. ಜಿ ಅಂದರೆ ಗೆಲೆಂಡ, ಅಂದರೆ ಕಾಡುಮೇಡು. ಎಸ್ ಅಂದರೆ ಸ್ಟ್ರಾಸ, ರಸ್ತೆ. ನಡುವಿನ ಗೆರೆ, ಎರಡೂ ನಡೆಯುತ್ತೆ ಅನ್ನೋದಕ್ಕೆ. ಈಗ ಎಲ್ಲಾ ಕಂಪನಿಗಳೂ 'ಅಡ್ವೆಂಚರ್' ಅಂತ ಮಾರೋದು ನಿಜಕ್ಕೂ ಈ ಗೆರೆಯನ್ನೇ. ಮೊದಲ ವರ್ಷದಲ್ಲೇ ಆರು ಸಾವಿರಕ್ಕೂ ಹೆಚ್ಚು ಗಾಡಿ ಹೋದವು. ಅವರು ಅಂದಾಜು ಮಾಡಿದ್ದಕ್ಕಿಂತ ತುಂಬಾ ಜಾಸ್ತಿ. ಕಂಪನಿ ಉಸಿರಾಡಿತು.

ಆದರೆ 186 ಕೆಜಿಯ ಗಾಡಿ ಮಣ್ಣಲ್ಲಿ ಓಡುತ್ತೆ ಅಂತ ಜನ ನಂಬಬೇಕಲ್ಲ. ನಂಬಿಸೋಕೆ ಡಕಾರ್ ಬೇಕಾಯಿತು. 1981ರಲ್ಲಿ ಹ್ಯೂಬರ್ಟ್ ಓರಿಯೋಲ್ ಗೆದ್ದ, ಎರಡನೆಯವನಿಗಿಂತ ಮೂರು ಗಂಟೆಗಳಷ್ಟು ಮುಂದೆ. ಓರಿಯೋಲ್ ಹುಟ್ಟಿದ್ದು ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ. ಜೊತೆಯವರು ಅವನನ್ನು 'ಆಫ್ರಿಕದವನು' ಅಂತಲೇ ಕರೀತಿದ್ದರು. 1983ರಲ್ಲಿ ಮತ್ತೆ ಗೆದ್ದ. 1984, 85ರಲ್ಲಿ ಬೆಲ್ಜಿಯಂನ ಗ್ಯಾಸ್ಟನ್ ರಾಹಿಯರ್.

ಈ ರಾಹಿಯರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ನಾನು ಬಿದ್ದ ರೀತಿಗೂ ಅವನಿಗೂ ಸಂಬಂಧ ಇದೆ. 125 ಸಿಸಿ ಮೊಟೊಕ್ರಾಸ್‌ನಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದವನು. ಎತ್ತರ ಮಾತ್ರ ಐದೂವರೆ ಅಡಿಗಿಂತ ಕಡಿಮೆ. ದೊಡ್ಡ ಟ್ಯಾಂಕಿನ ಆ ರ‍್ಯಾಲಿ ಗಾಡಿಯ ಮೇಲೆ ಕೂತರೆ ಅವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಏನು ಮಾಡ್ತಿದ್ದ ಗೊತ್ತಾ? ಗಾಡಿಯ ಪಕ್ಕದಲ್ಲಿ ನಿಂತು ಸ್ಟಾರ್ಟ್ ಮಾಡಿ, ಗೇರ್ ಹಾಕಿ, ಒಂದು ಕಾಲನ್ನು ಫುಟ್‌ಪೆಗ್ ಮೇಲಿಟ್ಟು, ಗಾಡಿ ಚಲಿಸೋಕೆ ಶುರುವಾದ ಮೇಲೆ ಇನ್ನೊಂದು ಕಾಲು ಹಾಕಿ ಹತ್ತುತ್ತಿದ್ದ. ಕುದುರೆ ಹತ್ತೋ ಹಾಗೆ. ಓಡ್ತಾ ಇರೋವರೆಗೆ ಗಾಡಿ ತಾನೇ ನಿಂತುಕೊಳ್ಳುತ್ತೆ, ತೊಂದರೆ ಇರೋದು ನಿಲ್ಲಿಸಿದಾಗ. ಶನಿವಾರ ಮಧ್ಯಾಹ್ನದವರೆಗೆ ನಾನು ನಾಲ್ಕು ಸಲ ಬಿದ್ದೆ. ನಾಲ್ಕೂ ಸಲ ನಿಲ್ಲಿಸೋಕೆ ಹೋಗಿ. ಫುಟ್‌ಪೆಗ್ ಮೇಲೆ ಎದ್ದು ನಿಂತು, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕಣ್ಣನ್ನು ಮುಂದಿನ ಚಕ್ರದ ಮೇಲಿಡದೆ ಇಪ್ಪತ್ತು ಮೀಟರ್ ಆಚೆ ಇಟ್ಟಾಗ ಆ 249 ಕೆಜಿ ಎಲ್ಲಿ ಹೋಗ್ತಿತ್ತೋ ಗೊತ್ತಾಗ್ತಿರಲಿಲ್ಲ. ನೀಲಗಿರಿ ತೋಪಿನ ಪಕ್ಕ ಒಣಗಿದ ಕಾಲುವೆಯ ಮರಳಿನಲ್ಲಿ ಒಂದು ಅರ್ಧ ಕಿಲೋಮೀಟರ್ ಹಾಗೆ ಹೋದೆ. ಮುಂದಿನ ಚಕ್ರ ತನ್ನಿಷ್ಟಕ್ಕೆ ಅಲ್ಲಾಡ್ತಾ ಇತ್ತು, ನಾನು ಬಿಟ್ಟುಬಿಟ್ಟೆ, ಆಕ್ಸಿಲರೇಟರ್ ಮಾತ್ರ ಕೊಡ್ತಾ ಹೋದೆ. ಸುಳ್ಳು ಹೇಳಲ್ಲ, ಆ ಅರ್ಧ ಕಿಲೋಮೀಟರಿನಲ್ಲಿ ಮನಸ್ಸಿನಲ್ಲೇ ಗಾಡಿ ಕೊಂಡು ಆಗಿತ್ತು.

ಬಾಕ್ಸರ್ ಎಂಜಿನ್ನಿನ ಇನ್ನೊಂದು ಗುಟ್ಟು ಕೂಡ ಬಿದ್ದಾಗಲೇ ಗೊತ್ತಾದದ್ದು. ಸಿಲಿಂಡರು ಪಕ್ಕಕ್ಕೆ ಚಾಚಿರೋದರಿಂದ ಗಾಡಿ ಪೂರ್ತಿ ನೆಲಕ್ಕೆ ಮಲಗಲ್ಲ. ಅದರ ಗಾರ್ಡಿನ ಮೇಲೆ ಒರಗಿಕೊಂಡು ಅರ್ಧ ಮಲಗಿರುತ್ತೆ. ಎತ್ತೋಕೆ ಅಷ್ಟು ಕಡಿಮೆ ಕೆಲಸ, ಕಾಲು ಸಿಕ್ಕಿಹಾಕಿಕೊಂಡರೂ ಜಜ್ಜಿಹೋಗೋ ಸಾಧ್ಯತೆ ಕಡಿಮೆ. 1923ರಲ್ಲಿ ಇದನ್ನು ಯೋಚಿಸಿ ಮಾಡಿದ್ದಲ್ಲ. ಅವರಿಗೆ ಬೇಕಾಗಿದ್ದು ಸಿಲಿಂಡರಿಗೆ ಗಾಳಿ ತಗುಲಿ ತಣ್ಣಗಾಗೋದು, ಅಷ್ಟೇ.

ಡಕಾರ್ ಕಥೆಯನ್ನು ಬರೀ ಗೆದ್ದವರ ಕಥೆಯಾಗಿ ಹೇಳೋದು ಸುಲಭ. ಬೈಕ್ ಕಂಪನಿಗಳು ಹಾಗೇ ಹೇಳ್ತವೆ. ಆದರೆ ಮೊದಲ ರ‍್ಯಾಲಿಯಲ್ಲೇ ಒಬ್ಬ ಸವಾರ ಸತ್ತ. 1986ರ ಜನವರಿ 14ರಂದು ಮಾಲಿ ದೇಶದಲ್ಲಿ, ಕತ್ತಲಾಗ್ತಿದ್ದ ಹೊತ್ತಲ್ಲಿ, ಮರಳುಗಾಳಿಯ ನಡುವೆ ಸಬೀನ್‌ನ ಹೆಲಿಕಾಪ್ಟರ್ ದಿಬ್ಬಕ್ಕೆ ಬಡಿದು ಅವನೂ ಸತ್ತ, ಜೊತೆಗಿದ್ದ ನಾಲ್ವರೂ ಸತ್ತರು. ಅವರಲ್ಲಿ ಒಬ್ಬ ಫ್ರಾನ್ಸಿನ ಹೆಸರುವಾಸಿ ಗಾಯಕ ಡೇನಿಯಲ್ ಬಲವೊಆನ್. ಸಬೀನ್‌ನ ಬೂದಿಯನ್ನು ಅವನು ಇಷ್ಟಪಟ್ಟ ಅದೇ ಮರುಭೂಮಿಯಲ್ಲಿ ಚೆಲ್ಲಿದರು. ರ‍್ಯಾಲಿ ನಿಲ್ಲಲಿಲ್ಲ.

ಮರುವರ್ಷ, 1987. ಓರಿಯೋಲ್ ಈಗ ಕಜೀವಾ ಕಂಪನಿಯ ಗಾಡಿಯಲ್ಲಿ, ಹಳೇ ಎದುರಾಳಿ ನೆವೊ ಹೋಂಡಾದಲ್ಲಿ. ಮುಗಿಯೋದಕ್ಕೆ ಇನ್ನೊಂದೇ ದಿನ ಬಾಕಿ, ಓರಿಯೋಲ್ ಮುಂದಿದ್ದ. ಗಿಡದ ಬುಡವೊಂದಕ್ಕೆ ಕಾಲು ಬಡಿದು ಬಿದ್ದ. ಎದ್ದು ಹತ್ತಿದ. ಎರಡೂ ಕಾಲಿನ ಹರಡು ಮುರಿದಿತ್ತು. ಹಾಗೇ ಅಂದಿನ ಸ್ಟೇಜಿನ ಕೊನೆಯವರೆಗೆ ಓಡಿಸಿಕೊಂಡು ಬಂದು, ಗಾಡಿಯಿಂದ ತಾನಾಗಿ ಇಳಿಯೋಕೂ ಆಗದೆ ಅಳುತ್ತಾ ಕೂತ. ಆ ದೃಶ್ಯವನ್ನು ಟಿವಿಯಲ್ಲಿ ನೋಡಿದ ಒಂದು ತಲೆಮಾರಿನ ಫ್ರೆಂಚರು ಅದನ್ನ ಮರೆತಿಲ್ಲ. ಗೆದ್ದದ್ದು ನೆವೊ, ಅವನ ಐದನೇ ಗೆಲುವು. ಓರಿಯೋಲ್ ಬೈಕ್ ಬಿಟ್ಟು ಕಾರಿಗೆ ಹೋದ, 1992ರಲ್ಲಿ ಕಾರಿನಲ್ಲೂ ಗೆದ್ದ. ಎರಡರಲ್ಲೂ ಗೆದ್ದ ಮೊದಲಿಗ ಅವನು.

1988ರಲ್ಲಿ ಸತ್ತವರ ಪಟ್ಟಿಯಲ್ಲಿ ಸ್ಪರ್ಧಿಗಳಷ್ಟೇ ಅಲ್ಲ, ರ‍್ಯಾಲಿಯ ದಾರಿಯಲ್ಲಿ ಬದುಕುತ್ತಿದ್ದವರೂ ಇದ್ದರು. ಅವರಲ್ಲಿ ಮಕ್ಕಳೂ ಇದ್ದರು. ಸಾಹಸ ಅಂತ ಕರೆಯೋ ಆ ದಾರಿ ಆ ಮಕ್ಕಳಿಗೆ ಮನೆಗೂ ಬಾವಿಗೂ ನಡುವಿನ ದಾರಿ. ಬೈಕ್ ಬ್ರೋಷರ್‌ಗಳಲ್ಲಿ ಈ ಪುಟ ಇರಲ್ಲ. ಅದೇ 1988ರಲ್ಲಿ ಹೋಂಡಾ ತನ್ನ ಗೆದ್ದ ರ‍್ಯಾಲಿ ಗಾಡಿಯ ಹೋಲಿಕೆಯಲ್ಲಿ 647 ಸಿಸಿಯ ಒಂದು ಬೈಕ್ ಮಾಡಿ ಮಾರುಕಟ್ಟೆಗೆ ಬಿಟ್ಟಿತು. ಹೆಸರು ಆಫ್ರಿಕಾ ಟ್ವಿನ್. ಯಮಹಾ ಅದಕ್ಕೂ ಮೊದಲೇ, 1983ರಲ್ಲಿ, ಸಹಾರಾದ ಒಂದು ಭಾಗದ ಹೆಸರನ್ನೇ ತೆಗೆದು ಟೆನೆರೆ ಅಂತ ಬೈಕ್ ಮಾಡಿ, ಸುಮಾರು 30 ಲೀಟರ್ ಟ್ಯಾಂಕ್ ಕೂರಿಸಿತ್ತು. ಅದನ್ನು ಕೊಂಡವರಲ್ಲಿ ಬಹಳ ಜನ ಪ್ಯಾರಿಸ್, ಮಿಲಾನ್‌ನಲ್ಲಿ ಆಫೀಸಿಗೆ ಹೋಗೋರು. ನಗಬೇಡಿ. ಔಟರ್ ರಿಂಗ್ ರೋಡಿನಲ್ಲಿ, ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿಕೊಂಡು, ಅದರಲ್ಲಿ ಲ್ಯಾಪ್‌ಟಾಪ್ ಮತ್ತು ಚಪಾತಿ ಡಬ್ಬಿ ಇಟ್ಟುಕೊಂಡು ಹೋಗೋ ನಾವೂ ಅದೇ ಸಾಲಿನವರು. ನಮಗೆ ಗ್ರೌಂಡ್ ಕ್ಲಿಯರೆನ್ಸ್ ಅಂದರೆ ಹಂಪ್ ಮತ್ತು ಗುಂಡಿ.

ಆಮೇಲೆ ಗಾಡಿಗಳು ದಪ್ಪ ಆಗ್ತಾ ಹೋದವು. 1987ರಲ್ಲಿ ಜಿ ಮತ್ತು ಎಸ್ ನಡುವಿನ ಓರೆಗೆರೆ ಮಾಯ. 1994ರ ಆರ್ 1100 ಜಿಎಸ್‌ಗೆ 80 ಅಶ್ವಶಕ್ತಿ, 243 ಕೆಜಿ. ಆರ್ 1150 ಜಿಎಸ್ 249. ಮೊದಲ ಗಾಡಿಗಿಂತ ಒಬ್ಬ ಮನುಷ್ಯನ ತೂಕ ಜಾಸ್ತಿ. ಯಾಕೆ ಅಂದರೆ, ಕೊಳ್ಳೋರು ಕೇಳಿದ್ದು ಅದನ್ನೇ. ಹೈವೇಯಲ್ಲಿ ನೂರಾಮೂವತ್ತರಲ್ಲಿ ಇಡೀ ದಿನ ಹೋಗಬೇಕು, ಹಿಂದೆ ಹೆಂಡತಿ ಆರಾಮಾಗಿ ಕೂರಬೇಕು, ಎರಡು ಪೆಟ್ಟಿಗೆ, ಬಿಸಿ ಹಿಡಿಕೆ, ಎಬಿಎಸ್. ಮಣ್ಣು ಬಂದರೆ ಹೋಗಬಹುದು ಅನ್ನೋ ಸಮಾಧಾನ ಇದ್ದರೆ ಸಾಕು, ಹೋಗಲೇಬೇಕು ಅಂತೇನಿಲ್ಲ.

2004ರಲ್ಲಿ ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಅವನ ಗೆಳೆಯ ಚಾರ್ಲಿ ಬೂರ್ಮನ್ ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಮುಟ್ಟಿದರು. 'ಲಾಂಗ್ ವೇ ರೌಂಡ್' ಅಂತ ಟಿವಿ ಸರಣಿ ಆಯಿತು. ನನ್ನ ಗೆಳೆಯನ ಹುಚ್ಚು ಶುರುವಾದದ್ದೂ ಅಲ್ಲಿಂದಲೇ, ಹಾಸ್ಟೆಲ್ಲಿನಲ್ಲಿ ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದು. ಮೊದಲು ಇವರು ಕೆಟಿಎಂ ಕೇಳಿದ್ದರು, ಆ ಕಂಪನಿ ಕೊಡಲಿಲ್ಲ. ಬಿಎಂಡಬ್ಲ್ಯೂ ಕೊಟ್ಟಿತು. ಸರಣಿ ಬಂದ ಮೇಲೆ ಈ ಜಾತಿಯ ಗಾಡಿಗಳ ಮಾರುಕಟ್ಟೆಯೇ ಬದಲಾಯಿತು. 2023ರ ಹೊತ್ತಿಗೆ ಬಾಕ್ಸರ್ ಎಂಜಿನ್ನಿನ ಜಿಎಸ್ ಹತ್ತು ಲಕ್ಷ ದಾಟಿತು.

ಆ ಸರಣಿಯಲ್ಲಿ ನನಗೆ ಇಷ್ಟವಾದ ಭಾಗ ಆ ಇಬ್ಬರದಲ್ಲ. ಅವರ ಜೊತೆಗಿದ್ದ ಕ್ಯಾಮೆರಾಮನ್ ಕ್ಲಾಡಿಯೊ ವಾನ್ ಪ್ಲಾಂಟಾನದು. ಮಂಗೋಲಿಯಾದಲ್ಲಿ ಅವನ ದೊಡ್ಡ ಗಾಡಿಯ ಫ್ರೇಮು ಮುರಿಯಿತು. ಅದನ್ನು ಲಾರಿಗೆ ಹಾಕಿ ಊರಿಗೆ ಕಳಿಸಿ, ಅಲ್ಲೇ ಸಿಕ್ಕಿದ ರಷ್ಯಾದ ಒಂದು ಕೆಂಪು ಇಜ್ ಪ್ಲಾನೆಟಾ ಬೈಕ್ ಕೊಂಡರು. ಹಳೇ ಕಾಲದ ಒಂದು ಸಿಲಿಂಡರಿನ ಟೂ ಸ್ಟ್ರೋಕ್, ನೋಡೋಕೆ ನಮ್ಮ ಮೈಸೂರಿನ ಯೆಜ್ಡಿಯ ದೂರದ ಸಂಬಂಧಿ ತರ. ಅವನಿಬ್ಬರು ದೊಡ್ಡ ಗಾಡಿಯವರು ಕೆಸರಿನಲ್ಲಿ ಒಬ್ಬರನ್ನೊಬ್ಬರು ಎತ್ತುತ್ತಾ ಇರೋವಾಗ ಇವನು ಅದರ ಮೇಲೆ ಹೊರಟುಹೋಗ್ತಾನೆ.

ಇನ್ನು ದೊಡ್ಡ ಗಾಡಿಗಳನ್ನು ಹುಟ್ಟಿಸಿದ ಡಕಾರ್ ಏನಾಯಿತು? ಎರಡು ಸಿಲಿಂಡರಿನ ಗಾಡಿ ಗೆದ್ದದ್ದು 2002ರಲ್ಲಿ ಕೊನೆ. ಇಟಲಿಯ ಫ್ಯಾಬ್ರಿಜಿಯೊ ಮೆಯೊನಿ, ಕೆಟಿಎಂ 950. ಮೂರು ವರ್ಷದ ನಂತರ ಅದೇ ರ‍್ಯಾಲಿಯಲ್ಲಿ, ಮಾರಿಟೇನಿಯಾದಲ್ಲಿ ಮೆಯೊನಿ ಸತ್ತ. 2008ರಲ್ಲಿ ಭದ್ರತೆಯ ಭಯದಿಂದ ರ‍್ಯಾಲಿ ರದ್ದಾಯಿತು, ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೋಯಿತು, 2020ರಿಂದ ಸೌದಿ ಅರೇಬಿಯಾ. ಡಕಾರ್ ಹೆಸರಿನ ರ‍್ಯಾಲಿ ಈಗ ಡಕಾರ್‌ಗೆ ಹೋಗೋದೇ ಇಲ್ಲ. 2011ರಿಂದ ಬೈಕುಗಳಿಗೆ 450 ಸಿಸಿ ಮಿತಿ. ಅಂದರೆ ನಾನು ಕೊಳ್ಳೋಕೆ ಹೊರಟಿದ್ದ ಗಾಡಿಯ ವಂಶ ಯಾವ ಸ್ಪರ್ಧೆಯಿಂದ ಹೆಸರು ಮಾಡಿತೋ, ಆ ಸ್ಪರ್ಧೆಗೆ ಈಗ ಅದನ್ನ ಸೇರಿಸಲ್ಲ.

ಆ 450ರ ಕಾಲದಲ್ಲೇ ನಮ್ಮವರು ಅಲ್ಲಿಗೆ ಹೋದದ್ದು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ಮುಗಿಸಿದ ಮೊದಲ ಭಾರತೀಯ ಆದರು, 36ನೇ ಸ್ಥಾನ. ಉಡುಪಿಯ ಕೆ.ಪಿ. ಅರವಿಂದ್ ಎರಡು ವರ್ಷ ಅರ್ಧಕ್ಕೆ ಬಿಟ್ಟು ಬಂದು, 2019ರಲ್ಲಿ 37ನೆಯವರಾಗಿ ಮುಗಿಸಿದರು. ಆ ವರ್ಷ ಅವರ ಹೆಸರು ಕೇಳಿದ ಕನ್ನಡಿಗರು ಎಷ್ಟು ಜನ ಇದ್ದರೋ! ಎರಡು ವರ್ಷ ಬಿಟ್ಟು ಬಿಗ್ ಬಾಸ್‌ನಲ್ಲಿ ರನ್ನರ್ ಅಪ್ ಆದಾಗ ಮನೆಮನೆಗೆ ಗೊತ್ತಾದರು. ನಮ್ಮ ಅತ್ತೆಗೆ ಈಗಲೂ ಅವರು "ಬಿಗ್ ಬಾಸ್ ಅರವಿಂದ", ಅಷ್ಟೇ. 2020ರಲ್ಲಿ ಸಂತೋಷ್ ತಂಡದ ಪೌಲೊ ಗೊನ್ಸಾಲ್ವೆಸ್ ಸೌದಿಯಲ್ಲಿ ಸತ್ತರು, ತಂಡ ರ‍್ಯಾಲಿಯಿಂದ ಹಿಂದೆ ಸರಿಯಿತು. 2021ರ ಜನವರಿಯಲ್ಲಿ ಸಂತೋಷ್ ಸ್ವತಃ ಬಿದ್ದರು. ತಲೆಗೆ ಪೆಟ್ಟು, ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಚೇತರಿಸಿಕೊಂಡು ಊರಿಗೆ ಬಂದರು. ಅದೇ ತಿಂಗಳು ಓರಿಯೋಲ್ ಕೂಡ ಹೋದ. ಮರಳಲ್ಲಲ್ಲ, ಪ್ಯಾರಿಸ್ಸಿನಲ್ಲಿ.

ಇವನ್ನೆಲ್ಲ ಶನಿವಾರ ರಾತ್ರಿ ಕೋಲಾರದ ಲಾಡ್ಜಿನಲ್ಲಿ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕಲೀಗ್‌ಗೆ ಹೇಳ್ತಾ ಇದ್ದೆ. ಅವನ ಹಿಮಾಲಯನ್ 411 ಸಿಸಿ, ಶಕ್ತಿ 24 ಚಿಲ್ಲರೆ, ತೂಕ 200ರ ಹತ್ತಿರ. 2016ರಲ್ಲಿ ಅದು ಬಂದಾಗ ಶಕ್ತಿ ಕಡಿಮೆ ಅಂತ ನಗಾಡಿದವರಲ್ಲಿ ನಾನೂ ಒಬ್ಬ. ಅವನು ಆ ದಿನ ಒಂದು ಸಲವೂ ಬಿದ್ದಿರಲಿಲ್ಲ. ಬಿದ್ದಿದ್ದರೂ ಒಬ್ಬನೇ ಎತ್ತಿಕೊಳ್ತಿದ್ದ. "ನಿನ್ನ ಕಥೆಯಲ್ಲಿ ದೊಡ್ಡ ಗಾಡಿ ಯಾಕೆ ಅನ್ನೋದಕ್ಕೆ ಉತ್ತರ ಎಲ್ಲಿ?" ಅಂದ. "ಹಳೇ ಎಂಜಿನ್ ಬಿಟ್ರೆ ಅವರ ಹತ್ರ ಬೇರೆ ಇರ್ಲಿಲ್ಲ. ಅದೇ ಉತ್ತರ" ಅಂದೆ. ಅವನು ನಕ್ಕು ಲೈಟ್ ಆರಿಸಿದ.

ಭಾನುವಾರ ಬೆಳಗ್ಗೆ ಅದೇ ಮಣ್ಣು ರಸ್ತೆಗೆ ಮತ್ತೆ ಹೋದೆ. ಟೈರಿನ ಗಾಳಿ ಸ್ವಲ್ಪ ಇಳಿಸಿದ್ದೆ. ಕೊರಕಲು ಇದ್ದ ಜಾಗದಲ್ಲಿ ನಿಲ್ಲಿಸದೆ ಪೆಗ್ ಮೇಲೆ ನಿಂತೇ ದಾಟಿದೆ. ಮುಂದೆ ಹುಣಸೆಮರದ ಹತ್ತಿರ ಹಾಲಿನ ಅಣ್ಣ ಸಿಕ್ಕರು, ಮಗನನ್ನೂ ಕರೆದುಕೊಂಡು ಬಂದಿದ್ದರು, ಗಾಡಿ ತೋರಿಸೋಕೆ. ಪಿಯುಸಿ ಓದೋ ಹುಡುಗ, ಮಾಡೆಲ್ ಹೆಸರು, ಎಂಜಿನ್ ಸಿಸಿ ಎಲ್ಲಾ ನನಗಿಂತ ಚೆನ್ನಾಗಿ ಗೊತ್ತಿತ್ತು. ಅದೇ ಕಂಪನಿಯ 310 ಸಿಸಿ ಗಾಡಿ ಇಲ್ಲೇ ಹೊಸೂರಿನಲ್ಲಿ ಟಿವಿಎಸ್‌ನವರು ಮಾಡ್ತಾರೆ ಅಂತಲೂ ಹೇಳಿದ. ಅಪ್ಪ ಸ್ಟ್ಯಾಂಡ್ ಹಾಕಿದ್ದ ತಮ್ಮ ಎಕ್ಸ್‌ಎಲ್ ಕಡೆ ಒಮ್ಮೆ, ನನ್ನ ಗಾಡಿ ಕಡೆ ಒಮ್ಮೆ ನೋಡಿ, "ಹಂಗಾದ್ರೆ ಎರಡೂ ಬೀಗರೇ" ಅಂದರು. ಎಷ್ಟಾಯ್ತು ಅಂತ ಕೇಳಿದರು. ಫ್ರೆಂಡ್‌ದು, ನನಗೆ ಗೊತ್ತಿಲ್ಲ ಅಂದುಬಿಟ್ಟೆ. ಹುಡುಗನಿಗೆ ಗೊತ್ತಿತ್ತು, ಅನ್ನಿಸುತ್ತೆ. ಅವನು ಏನೂ ಹೇಳಲಿಲ್ಲ. ಹುಡುಗನನ್ನು ಹಿಂದೆ ಕೂರಿಸಿಕೊಂಡು ಡಾಂಬರು ಶುರುವಾಗೋವರೆಗೆ ಒಂದು ರೌಂಡು ಹೋಗಿಬಂದೆ. ಬರುವಾಗ ಅವನು ಕೂಡ ಎದ್ದು ನಿಂತುಕೊಂಡ, ನನ್ನ ಹೆಗಲು ಹಿಡಿದು.

ಸಂಜೆ ಹೊಸಕೋಟೆ ಟೋಲ್ ಹತ್ತಿರ ಟ್ರಾಫಿಕ್ ನಿಂತಿತ್ತು. ಸಿಲಿಂಡರಿನ ಬಿಸಿ ಎರಡೂ ಮೊಣಕಾಲಿಗೆ ಹೊಡೀತಾ ಇತ್ತು, ಎಡಗೈ ಕ್ಲಚ್ ಹಿಡಿದು ಹಿಡಿದು ಮರಗಟ್ಟಿತ್ತು. ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸಿದಾಗ ಗೆಳೆಯ ಮಗುವನ್ನು ಎತ್ತಿಕೊಂಡು ಕೆಳಗೆ ಬಂದ. ಎಡಗಡೆ ಗಾರ್ಡಿನ ಮೇಲೆ ಹೊಸ ಗೀರುಗಳಿದ್ದವು. ನಾನು ಸರಿ ಮಾಡಿಸಿಕೊಡ್ತೀನಿ ಅಂದೆ. ಅವನು ಬಗ್ಗಿ ಬೆರಳಿಂದ ಗೀರು ಸವರಿ ನೋಡಿದ. ಅದಕ್ಕೆ ಮೆತ್ತಿಕೊಂಡಿದ್ದ ಕೆಮ್ಮಣ್ಣು ಬೆರಳಿಗೆ ಬಂತು.

"ಏನಂತೀಯ, ಇಟ್ಕೋತೀಯಾ?"

"ಇಲ್ಲ ಕಣೋ. ನೀನು ಮೊದಲು ಒಂದು ಭಾನುವಾರ ಕೋಲಾರಕ್ಕೆ ಬಾ. ಆಮೇಲೆ ಮಾರೋ ವಿಷಯ ಮಾತಾಡೋಣ."

ಮಗು ಇಂಡಿಕೇಟರ್ ಸ್ವಿಚ್ಚಿಗೆ ಕೈ ಹಾಕಿತು. ಅವನು ಕೀ ಆನ್ ಮಾಡಿದ, ಹಳದಿ ಲೈಟು ಮಿನುಗಿತು, ಮಗು ಕೇಕೆ ಹಾಕಿತು. ಕವರ್ ಆ ರಾತ್ರಿ ಹಾಕಲಿಲ್ಲ ಅಂತ ಆಮೇಲೆ ಮೆಸೇಜ್ ಮಾಡಿದ್ದ.